‘ಸ್ಲೀಪ್ ಟೈಟ್’: ಬಿಗಿಯಾಗಬೇಕಾದ್ದು ಮಂಚವೋ, ನಿದ್ದೆಯೋ?

ಪ್ರಶ್ನೆ: ಒಂದನೇ ತರಗತಿಯ ನಮ್ಮ ಮಗಳು ರಾತ್ರಿ ‘ಗುಡ್ ನೈಟ್, ಸ್ಲೀಪ್ ಟೈಟ್, ಡೋಂಟ್ ಲೆಟ್ ದ ಬೆಡ್‌ಬಗ್ಸ್ ಬೈಟ್’ ಎಂದು ಹೇಳದೆ ಮಲಗುವುದಿಲ್ಲ. ಮಲಗುವುದಕ್ಕೂ ‘ಟೈಟ್’ಗೂ ಏನು ಸಂಬಂಧ ಎಂದು ಕೇಳಿದಳು. ಹಿಂದೆ ಹಗ್ಗದ ಮಂಚಗಳಿದ್ದವು, ಮಲಗುವ ಮುಂಚೆ ಹಗ್ಗ ಬಿಗಿ ಮಾಡಬೇಕಿತ್ತು, ಅದರಿಂದ ಈ ಮಾತು ಬಂತು ಎಂದು ಹುಡುಕಿದಲ್ಲೆಲ್ಲ ಇದೆ. ಇದು ನಿಜವೇ? ನಡುವೆ ತಿಗಣೆ ಯಾಕೆ ಬಂತು? ಕನ್ನಡದಲ್ಲಿ ಇದಕ್ಕೆ ಏನು ಹೇಳಬೇಕು?

ಉತ್ತರ: ಹಗ್ಗದ ಮಂಚ ಇದ್ದದ್ದು ನಿಜ, ಹಗ್ಗ ಬಿಗಿ ಮಾಡುತ್ತಿದ್ದದ್ದೂ ನಿಜ. ಈ ಮಾತು ಅಲ್ಲಿಂದ ಹುಟ್ಟಿತು ಎನ್ನುವುದು ಮಾತ್ರ ಆಮೇಲೆ ಕಟ್ಟಿದ ಕತೆ. ಇಲ್ಲಿ ‘ಟೈಟ್’ ಎಂಬುದು ಮಂಚದ ಗುಣವಲ್ಲ, ನಿದ್ದೆಯ ಗುಣ. ‘ಗಾಢವಾಗಿ ಮಲಗು’ ಎಂದಷ್ಟೇ ಅದರ ಅರ್ಥ. ಆದರೆ ಸುಳ್ಳು ಕತೆಯ ಒಳಗೇ ಸಾಕಷ್ಟು ನಿಜ ಸೇರಿಕೊಂಡಿರುವುದರಿಂದ ಮೊದಲು ಆ ಮಂಚವನ್ನೇ ಬಿಚ್ಚಿ ನೋಡುವುದು ಒಳ್ಳೆಯದು.

ಇಂಗ್ಲೆಂಡ್ ಮತ್ತು ಅಮೆರಿಕದ ಮನೆಗಳಲ್ಲಿ 19ನೇ ಶತಮಾನದವರೆಗೂ ಬಳಕೆಯಲ್ಲಿದ್ದ ಈ ಮಂಚಕ್ಕೆ ನಾಲ್ಕು ಕಾಲುಕಂಬ, ಅವುಗಳನ್ನು ಕೂಡಿಸುವ ನಾಲ್ಕು ದಪ್ಪ ಪಟ್ಟಿ. ಪಟ್ಟಿಗಳ ಉದ್ದಕ್ಕೂ ತೂತು ಕೊರೆದಿರುತ್ತಿದ್ದರು, ಇಲ್ಲವೇ ಸಾಲಾಗಿ ಮರದ ಗೂಟ ಹೊಡೆದಿರುತ್ತಿದ್ದರು. ಹಗ್ಗವನ್ನು ಮೊದಲು ತಲೆಯ ಕಡೆಯಿಂದ ಕಾಲಿನ ಕಡೆಗೆ ಹಿಂದೆ ಮುಂದೆ ಓಡಿಸಿ, ಆಮೇಲೆ ಅದೇ ಹಗ್ಗವನ್ನು ಪಕ್ಕದಿಂದ ಪಕ್ಕಕ್ಕೆ ತಿರುಗಿಸಿ, ಮೊದಲಿನ ಸಾಲುಗಳ ಮೇಲೊಮ್ಮೆ ಕೆಳಗೊಮ್ಮೆ ಹೆಣೆಯುತ್ತಿದ್ದರು. ಇಬ್ಬರು ಮಲಗುವ ಮಂಚಕ್ಕೆ ಸುಮಾರು 100 ಅಡಿ ಹಗ್ಗ ಬೇಕಾಗುತ್ತಿತ್ತು. ಈ ಬಲೆಯ ಮೇಲೆ ಒಣಹುಲ್ಲು ಅಥವಾ ಮುಸುಕಿನ ಜೋಳದ ಸಿಪ್ಪೆ ತುಂಬಿದ ಹಾಸಿಗೆ. ಅನುಕೂಲಸ್ಥರ ಮನೆಯಾದರೆ ಅದರ ಮೇಲೆ ಪುಕ್ಕದ ಇನ್ನೊಂದು ಹಾಸಿಗೆ.

ಉತ್ತರ ಕರ್ನಾಟಕದ ಹೊರಸಿನ ಮೇಲೆ ಮಲಗಿದವರಿಗೆ ಇದರ ತಾಪತ್ರಯ ಬಿಡಿಸಿ ಹೇಳಬೇಕಾಗಿಲ್ಲ. ನಾರಿನ ಹಗ್ಗ ಭಾರಕ್ಕೆ ಹಿಗ್ಗುತ್ತದೆ. ತೇವ ಹೀರಿದರೆ ಉಬ್ಬಿ ಗಿಡ್ಡವಾಗುತ್ತದೆ, ಒಣಗಿದರೆ ಮತ್ತೆ ಸಡಿಲ. ನಡು ಜೋತುಬಿದ್ದರೆ ಒಬ್ಬರು ಮಲಗಿದರೆ ಬೆನ್ನುನೋವು, ಇಬ್ಬರು ಮಲಗಿದರೆ ಇಬ್ಬರೂ ಉರುಳಿ ನಡುವಿಗೇ ಬಂದು ಸೇರುವುದು. ನಮ್ಮ ಹೊರಸಿಗೆ ಕಾಲಿನ ಕಡೆ ಒಂದಷ್ಟು ಜಾಗ ಹೆಣೆಯದೆ ಬಿಟ್ಟು, ಅಲ್ಲಿ ಬೇರೆ ಹಗ್ಗ ಕಟ್ಟಿರುತ್ತಾರೆ. ಅದನ್ನು ಎಳೆದು ಕಟ್ಟಿದರೆ ಇಡೀ ಹೊರಸು ಬಿಗಿಯಾಗುತ್ತದೆ. ಅಲ್ಲಿನ ಮಂಚದಲ್ಲಿ ಈ ಉಪಾಯ ಇರಲಿಲ್ಲ. ಅದಕ್ಕೆ ಅವರು ಬಳಸುತ್ತಿದ್ದದ್ದು ‘ಬೆಡ್ ಕೀ’ ಎಂಬ ಮರದ ಉಪಕರಣ. ಮೇಲೆ ಅಡ್ಡ ಹಿಡಿ, ಕೆಳಗೆ ಸೀಳಿದ ತುದಿ. ಸೀಳಿನೊಳಗೆ ಹಗ್ಗ ಕೂರಿಸಿ ತಿರುಚಿದರೆ ಆ ಸಾಲು ಬಿಗಿಯುತ್ತದೆ. ಅದು ಜಾರದ ಹಾಗೆ ತೂತಿಗೆ ಒಂದು ಮರದ ಬೆಣೆ ಬಡಿಯುತ್ತಾರೆ. ಮುಂದಿನ ಸಾಲಿಗೆ ಹೋಗಿ ಅದನ್ನು ತಿರುಚಿ, ಅಲ್ಲಿಗೆ ಬೆಣೆ ಹಾಕಿ, ಹಿಂದಿನದನ್ನು ಕಿತ್ತುಕೊಳ್ಳುತ್ತಾರೆ. ಹೀಗೆ ಒಂದು ಸಾಲಿನ ಸಡಿಲು ಮುಂದಿನ ಸಾಲಿಗೆ, ಅದರಿಂದ ಅದರ ಮುಂದಿನದಕ್ಕೆ ಸಾಗುತ್ತಾ ಕೊನೆಯ ಗಂಟಿಗೆ ಬಂದು ಸೇರುತ್ತದೆ. ಅಲ್ಲಿ ಗಂಟು ಬಿಚ್ಚಿ, ಹೆಚ್ಚುಳಿದ ಹಗ್ಗ ಎಳೆದು ಮತ್ತೆ ಕಟ್ಟಬೇಕು. ನಡುವೆ ಒಂದೇ ಒಂದು ಬೆಣೆ ಜಾರಿದರೂ ಅಲ್ಲಿಯವರೆಗಿನ ಕೆಲಸ ನೀರುಪಾಲು.

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಹಗ್ಗ ಬಿಗಿಯಬೇಕಾದರೆ ಹೊದಿಕೆ ತೆಗೆದು, ಪುಕ್ಕದ ಹಾಸಿಗೆ ಇಳಿಸಿ, ಹುಲ್ಲಿನ ಹಾಸಿಗೆ ಇಳಿಸಬೇಕು. ಒಬ್ಬರು ಕೀ ತಿರುಚಬೇಕು, ಇನ್ನೊಬ್ಬರು ಬೆಣೆ ಬಡಿಯಬೇಕು. ನಿದ್ದೆ ತೂಗುತ್ತಿರುವ ಮಗುವಿಗೆ ದೀಪ ಆರಿಸುವ ಹೊತ್ತಿನಲ್ಲಿ ಹೇಳುವ ಕೆಲಸವಲ್ಲ ಇದು. ಜೋತುಬಿತ್ತು ಅನ್ನಿಸಿದಾಗ ಹಗಲಿನಲ್ಲಿ ಬಿಡುವು ಮಾಡಿಕೊಂಡು ಮಾಡುತ್ತಿದ್ದ ರಿಪೇರಿ. ರಾತ್ರಿಯ ಬೀಳ್ಕೊಡುಗೆಗೂ ಇದಕ್ಕೂ ಗಂಟು ಹಾಕಿದವರು ಆ ಉಪಕರಣವನ್ನು ಕೈಯಲ್ಲಿ ಹಿಡಿದು ನೋಡಿರಲಾರರು.

ಎರಡನೆಯ ತೊಡಕು ಇಸವಿಗಳದ್ದು. ನನ್ನ ಮಟ್ಟಿಗೆ ಇದೊಂದೇ ಸಾಕು. ಹಗ್ಗದ ಮಂಚ ಶತಮಾನಗಳ ಕಾಲ ಮನೆಮನೆಯಲ್ಲಿತ್ತು. ಮಾತು ಅದರಿಂದ ಬಂದಿದ್ದರೆ 1600ರ, 1700ರ ಪತ್ರಗಳಲ್ಲಿ, ನಾಟಕಗಳಲ್ಲಿ, ದಿನಚರಿಗಳಲ್ಲಿ ಎಲ್ಲಾದರೂ ಇಣುಕಬೇಕಿತ್ತು. ಆದರೆ ಸಿಕ್ಕಿರುವ ಹಳೆಯ ಉದಾಹರಣೆಗಳು 19ನೇ ಶತಮಾನದ ಉತ್ತರಾರ್ಧದವು, ಅದೂ ಹೆಚ್ಚಾಗಿ ಅಮೆರಿಕದವು. ಎಲ್ಲರೂ ಎತ್ತಿ ಹೇಳುವುದು ಫ್ಲಾರಿಡಾದ ಸೂಸನ್ ಬ್ರಾಡ್‌ಫರ್ಡ್ ಎಪ್ಸ್ ಎಂಬಾಕೆಯ ದಿನಚರಿಯಲ್ಲಿ 1866ರ ಕೆಳಗೆ ಬರುವ ಸಾಲನ್ನು. ಪ್ರಯಾಣ ಹೊರಟ ಆಕೆ ತನ್ನ ದಿನಚರಿ ಪುಸ್ತಕಕ್ಕೇ ‘ಸ್ಲೀಪ್ ಟೈಟ್ ಆ್ಯಂಡ್ ವೇಕ್ ಬ್ರೈಟ್’ ಎಂದು ಹೇಳಿ ಹೋಗುತ್ತಾಳೆ. ಅಲ್ಲಿ ಮಂಚವೂ ಇಲ್ಲ, ಹಗ್ಗವೂ ಇಲ್ಲ, ಮಲಗುವ ಮನುಷ್ಯರೂ ಇಲ್ಲ. ಆದರೂ ಒಂದು ಎಚ್ಚರ ಬೇಕು: ಆ ದಿನಚರಿ ಪುಸ್ತಕರೂಪದಲ್ಲಿ ಬಂದದ್ದು 1926ರಲ್ಲಿ. ಅರವತ್ತು ವರ್ಷದ ನಡುವೆ ತಿದ್ದುವ ಕೈಗಳಿಗೆ ಬೇಕಾದಷ್ಟು ಸಮಯವಿತ್ತು. ಆದ್ದರಿಂದ ‘1866ರಲ್ಲಿ ಹುಟ್ಟಿತು’ ಎಂದು ಮೇಜು ಕುಟ್ಟಿ ಹೇಳುವುದು ತಪ್ಪು. 1860–70ರ ದಶಕಗಳ ಹೊತ್ತಿಗೆ ಬಳಕೆಯಲ್ಲಿತ್ತು ಎಂದರೆ ಸಾಕು.

ಆ ದಶಕಗಳಲ್ಲೇ ಸುರುಳಿ ಸ್ಪ್ರಿಂಗಿನ ಮಂಚ, ಕಬ್ಬಿಣದ ಮಂಚಗಳು ಬಂದು ಹಗ್ಗದ ಮಂಚ ಮೂಲೆ ಸೇರತೊಡಗಿತ್ತು ಎಂಬುದನ್ನು ಗಮನಿಸಿ. ಹಗ್ಗ ಎಲ್ಲರ ಮನೆಯಲ್ಲಿದ್ದಾಗ ಇಲ್ಲದ ಮಾತು ಹಗ್ಗ ಹೋಗುವ ಹೊತ್ತಿಗೆ ಹುಟ್ಟಿತು ಎಂದಂತಾಯಿತು. ಮಂಚದ ಕತೆ ಎಲ್ಲಕ್ಕಿಂತ ಜೋರಾಗಿ ಕೇಳಿಸುವುದು ಹಳೆಯ ಮನೆಗಳನ್ನು ವಸ್ತುಸಂಗ್ರಹಾಲಯ ಮಾಡಿರುವ ಕಡೆ. ಗೈಡುಗಳ ಮುಂದೆ ಮಂಚ ಇರುತ್ತದೆ, ಕೈಯಲ್ಲಿ ಕೀ ಇರುತ್ತದೆ, ಎದುರಿಗಿರುವ ಎಲ್ಲರಿಗೂ ಈ ಪದ್ಯ ಬಾಯಿಪಾಠ. ಜೋಡಿಸದೆ ಬಿಡುವುದು ಕಷ್ಟ.

ಇನ್ನು ‘ಟೈಟ್’ ಪದದ ವಿಚಾರ. ಅದರ ಬೇರು ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಲ್ಲಿದೆ. ಅಲ್ಲಿ ಅದರ ಅರ್ಥ ಒತ್ತಾದ, ದಟ್ಟವಾದ, ನೀರು ಒಸರದ. ‘ಎಳೆದು ಬಿಗಿದ’ ಎಂಬ ಅರ್ಥ 16ನೇ ಶತಮಾನದಲ್ಲಿ ಬಂದದ್ದು. ಇದರ ಜೊತೆಗೇ ‘ಚೆನ್ನಾಗಿ, ಸರಿಯಾಗಿ, ಭದ್ರವಾಗಿ’ ಎಂಬ ಕ್ರಿಯಾವಿಶೇಷಣದ ಅರ್ಥವೂ ಬೆಳೆಯಿತು. 1602ರಲ್ಲಿ ಮೊದಲು ಅಚ್ಚಾದ ಷೇಕ್ಸ್‌ಪಿಯರನ ‘ದಿ ಮೆರ್ರಿ ವೈವ್ಸ್ ಆಫ್ ವಿಂಡ್ಸರ್’ ನಾಟಕದ ಫಾಲ್‌ಸ್ಟಾಫ್ ತನ್ನ ಹುಡುಗನ ಕೈಗೆ ಪ್ರೇಮಪತ್ರ ಕೊಟ್ಟು ‘ಟೈಟ್ಲಿ’ ಒಯ್ಯಲು ಹೇಳುತ್ತಾನೆ. ಕಾಗದವನ್ನು ಹಿಂಡಿ ಹಿಡಿದುಕೊ ಎಂದಲ್ಲ, ಜೋಪಾನವಾಗಿ ಮುಟ್ಟಿಸು ಎಂದು. ನಿದ್ದೆಯ ಪಕ್ಕ ಬಂದು ನಿಂತ ‘ಟೈಟ್’ ಈ ಸಾಲಿನದು.

ಇಂಗ್ಲಿಷಿನಲ್ಲಿ ನಿದ್ದೆಗೆ ಇಂಥ ಪದ ಹಚ್ಚುವುದು ಹೊಸದೂ ಅಲ್ಲ. ‘ಫಾಸ್ಟ್ ಅಸ್ಲೀಪ್’ ಎನ್ನುತ್ತಾರಲ್ಲ, ಅಲ್ಲಿನ ‘ಫಾಸ್ಟ್’ಗೂ ವೇಗಕ್ಕೂ ಸಂಬಂಧವಿಲ್ಲ. ಅದು ‘ಹೋಲ್ಡ್ ಫಾಸ್ಟ್’, ‘ಫಾಸನ್’ ಎನ್ನುವಾಗಿನ ಫಾಸ್ಟ್: ಅಲುಗದ ಹಾಗೆ ಕಟ್ಟಿದ್ದು, ಭದ್ರವಾದದ್ದು. ಅದಕ್ಕೆ ಹಗ್ಗದ ಮಂಚದ ಕತೆಯನ್ನು ಯಾರೂ ಕಟ್ಟಿಲ್ಲ, ಬಚಾವಾಯಿತು. ನಮ್ಮಲ್ಲೂ ಅದೇ. ‘ಗಾಢ’ ಎಂಬ ಸಂಸ್ಕೃತ ಪದಕ್ಕೆ ಬಿಗಿಯಾದ, ಒತ್ತಾದ ಎಂಬ ಅರ್ಥ ಉಂಟು. ಗಾಢಾಲಿಂಗನ ಎಂದರೆ ಬಿಗಿದಪ್ಪಿಕೊಳ್ಳುವುದು. ಅದೇ ಗಾಢವನ್ನು ನಿದ್ರೆಗೆ ಸೇರಿಸಿ ‘ಗಾಢನಿದ್ರೆ’ ಎಂದು ದಿನವೂ ಬಳಸುವ ನಾವು ಅಲ್ಲಿ ಯಾವ ಹಗ್ಗವನ್ನೂ ಹುಡುಕುವುದಿಲ್ಲ. ನಡುವೆ ಬಿರುಕಿಲ್ಲದ, ಸದ್ದು ಒಳಗೆ ನುಸುಳದ ನಿದ್ದೆ ದಟ್ಟವಾಗಿ, ಬಿಗಿಯಾಗಿ ಇರುತ್ತದೆ ಎಂಬ ಎಣಿಕೆ ಎರಡೂ ಕಡೆ ಒಂದೇ.

ಹಾಗಾದರೆ ‘ಸೌಂಡ್’, ‘ಫಾಸ್ಟ್’ ಎಲ್ಲ ಇರುವಾಗ ‘ಟೈಟ್’ ಯಾಕೆ ಗೆದ್ದಿತು? ಪ್ರಾಸ. ನೈಟ್, ಟೈಟ್, ಬ್ರೈಟ್, ಲೈಟ್, ಬೈಟ್ ಎಲ್ಲ ಒಂದೇ ಎಳೆ. ‘ಗುಡ್ ನೈಟ್’ ಎಂದ ಬಾಯಿಗೆ ಮುಂದಿನ ಪದ ತಾನಾಗಿ ಒದಗಿಬರುತ್ತದೆ. ಮಕ್ಕಳ ಪದ್ಯದಲ್ಲಿ ಅರ್ಥ ಸವೆದರೂ ಪ್ರಾಸ ಪದವನ್ನು ಬಿಡುವುದಿಲ್ಲ. ಇವತ್ತು ಇಂಗ್ಲಿಷಿನಲ್ಲಿ ನಿದ್ದೆಯ ಜೊತೆ ‘ಟೈಟ್’ ಹೆಚ್ಚುಕಡಿಮೆ ಈ ಒಂದು ಹಾರೈಕೆಯಲ್ಲಷ್ಟೇ ಉಳಿದಿದೆ. ಇಂಗ್ಲಿಷ್ ಮನೆಮಾತಾದವರಿಗೂ ಅದು ಒಗಟಿನಂತೆ ಕಾಣುವುದು, ಕತೆ ಕಟ್ಟುವವರಿಗೆ ಜಾಗ ಸಿಕ್ಕಿದ್ದು ಇದರಿಂದಲೇ.

ತಿಗಣೆ ಬಂದದ್ದೂ ಮುಖ್ಯವಾಗಿ ಪ್ರಾಸದ ಬೆನ್ನು ಹತ್ತಿ. ಆದರೆ ಸುಮ್ಮನೆ ಬಂದದ್ದಲ್ಲ, ಹಾಸಿಗೆಯಲ್ಲಿ ನಿಜಕ್ಕೂ ಇತ್ತು. 1730ರಷ್ಟು ಹಿಂದೆಯೇ ಲಂಡನ್ನಿನ ಜಾನ್ ಸೌತಲ್ ಎಂಬಾತ ತಿಗಣೆಯ ಮೇಲೊಂದು ಪುಸ್ತಕ ಬರೆದು ಅಚ್ಚು ಹಾಕಿಸಿದ್ದ. ಕಬ್ಬಿಣದ ಮಂಚ ಜನಪ್ರಿಯವಾದ ಕಾರಣಗಳಲ್ಲಿ ತಿಗಣೆಗೆ ಅಡಗಲು ಸಂದಿ ಕಡಿಮೆ ಎಂಬುದೂ ಒಂದು. ತಿಗಣೆ ಸಮೇತವಾದ ಪದ್ಯವನ್ನು ಕ್ಲಿಫ್ಟನ್ ಜಾನ್ಸನ್ ಎಂಬವರು ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಜನರ ನಂಬಿಕೆ, ನುಡಿಗಟ್ಟುಗಳನ್ನು ಸಂಗ್ರಹಿಸಿ 1896ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಅಷ್ಟರಲ್ಲಾಗಲೇ ಅದು ಜನರ ಬಾಯಲ್ಲಿತ್ತು.

ಇಲ್ಲಿ ಎರಡನೆಯ ಕಟ್ಟುಕತೆ ಎದುರಾಗುತ್ತದೆ: ಹೊದಿಕೆಯನ್ನು ಸುತ್ತಲೂ ಬಿಗಿಯಾಗಿ ಸಿಕ್ಕಿಸಿಕೊಂಡರೆ, ಅಥವಾ ಹಗ್ಗ ಬಿಗಿದು ಹಾಸಿಗೆ ಮೇಲೆತ್ತಿದರೆ, ತಿಗಣೆ ಒಳಗೆ ಬರುವುದಿಲ್ಲ, ಅದಕ್ಕೇ ‘ಟೈಟ್’ ಎಂದು. ತಿಗಣೆಯ ಬದುಕು ಗೊತ್ತಿರುವವರು ಇದನ್ನು ಒಪ್ಪುವುದಿಲ್ಲ. ಅದು ಹೊರಗಿನಿಂದ ದಾಳಿ ಮಾಡುವ ಸೊಳ್ಳೆಯಲ್ಲ, ಮಂಚದಲ್ಲೇ ಸಂಸಾರ ಹೂಡಿರುತ್ತದೆ. ಬೆಳೆದ ತಿಗಣೆಯ ಉದ್ದ ಸುಮಾರು 5 ಮಿ.ಮೀ.; ಹೊಟ್ಟೆ ಖಾಲಿಯಿದ್ದಾಗ ಮೈ ಎಷ್ಟು ಚಪ್ಪಟೆಯೆಂದರೆ ಎಟಿಎಂ ಕಾರ್ಡ್ ತೂರುವ ಸಂದಿ ಅದಕ್ಕೆ ಧಾರಾಳ. ಹಾಸಿಗೆಯ ಹೊಲಿಗೆ, ಕಂಬ ಪಟ್ಟಿ ಸೇರುವ ಕೀಲು, ಹಗ್ಗ ಹಾಯುವ ತೂತು ಅದರ ಮನೆ. ಸುಮಾರು 1 ಮಿ.ಮೀ.ನ ಬಿಳಿ ಮೊಟ್ಟೆಗಳನ್ನು ಅಲ್ಲೇ ಅಂಟಿಸುತ್ತದೆ. ರಾತ್ರಿ ಹೊರಬಂದು 5ರಿಂದ 10 ನಿಮಿಷದಲ್ಲಿ ರಕ್ತ ಹೀರಿ ಹಿಂತಿರುಗುತ್ತದೆ. ಮರಿ ದೊಡ್ಡದಾಗುವ ಮುಂಚೆ ಐದು ಸಲ ಪೊರೆ ಬಿಡಬೇಕು, ಪ್ರತಿಸಲವೂ ಅದಕ್ಕೆ ಒಂದು ಊಟ ಬೇಕು. ಹೊದಿಕೆ ಬಿಗಿ ಮಾಡಿದರೆ ನೀವು ಅದರೊಂದಿಗೇ ಒಳಗೆ ಸಿಕ್ಕಿಕೊಂಡಂತೆ. ಹಗ್ಗ ಬಿಗಿ ಮಾಡಿದರೆ ಅದರ ಮನೆ ಗಟ್ಟಿಯಾಯಿತು, ಅಷ್ಟೇ.

ನಮ್ಮ ಹಳ್ಳಿಗಳಲ್ಲಿ ಹೊರಸನ್ನು ಹೊರಗೆ ತಂದು, ನೆಲಕ್ಕೆ ಕುಕ್ಕಿ ತಿಗಣೆ ಉದುರಿಸಿ, ಕೀಲುಗಳಿಗೆ ಕುದಿಯುವ ನೀರು ಹೊಯ್ಯುತ್ತಿದ್ದದ್ದರಲ್ಲಿ ಇದಕ್ಕಿಂತ ಹೆಚ್ಚು ತಿಳಿವಳಿಕೆ ಇತ್ತು. ಸುಮಾರು 50 ಡಿಗ್ರಿ ಸೆಲ್ಸಿಯಸ್ ಶಾಖ ಸಂದಿಯೊಳಕ್ಕೆ ಮುಟ್ಟಿದರೆ ತಿಗಣೆಯೂ ಮೊಟ್ಟೆಯೂ ಸಾಯುತ್ತವೆ. ಬರೀ ಬಿಸಿಲಿಗೆ ಇಟ್ಟರೆ ಹಲವು ಸಲ ಕೆಲಸ ಕೆಡುವುದು, ಮೇಲ್ಮೈ ಕಾದರೂ ಕೀಲಿನೊಳಗೆ ಅಷ್ಟು ಶಾಖ ಇಳಿಯದೆ ಹುಳು ನೆರಳಿನ ಬದಿಗೆ ಸರಿದುಬಿಡುವುದರಿಂದ. ಸೀಮೆಎಣ್ಣೆ ಹಚ್ಚುವ ಅಭ್ಯಾಸವೂ ಇತ್ತು. ಹಾಸಿಗೆಗೆ ಬೆಂಕಿ ತಗಲುವ ಅಪಾಯವಿರುವುದರಿಂದ ಅದನ್ನು ಈಗ ಯಾರೂ ಮಾಡಬಾರದು. ಎರಡನೇ ಮಹಾಯುದ್ಧದ ನಂತರ ಡಿಡಿಟಿ ಬಂದು ಪಶ್ಚಿಮದ ದೇಶಗಳಲ್ಲಿ ತಿಗಣೆ ಬಹುಮಟ್ಟಿಗೆ ಕಾಣೆಯಾಯಿತು. ಎರಡು ತಲೆಮಾರಿನ ಮಕ್ಕಳಿಗೆ ಬೆಡ್‌ಬಗ್ ಎಂದರೆ ಗುಮ್ಮನ ಹಾಗೆ ಒಂದು ಹೆಸರಷ್ಟೇ ಆಗಿತ್ತು. ಕೀಟನಾಶಕ ತಡೆದುಕೊಳ್ಳುವ ಸಂತತಿ ಬೆಳೆದು, ವಿಮಾನ ಪ್ರಯಾಣ ಹೆಚ್ಚಿ, 1990ರ ದಶಕದ ಕೊನೆಯಿಂದ ಅದು ಮತ್ತೆ ಕಾಣಿಸಿಕೊಂಡ ಮೇಲೆ ಪದ್ಯದ ಕೊನೆಯ ಸಾಲಿಗೆ ಹಳೆಯ ಅರ್ಥ ಮರಳಿದೆ.

ಗುಮ್ಮ ಎಂದೆನಲ್ಲ, ಅದಕ್ಕೂ ಒಂದು ಹಿನ್ನೆಲೆಯಿದೆ. ‘ಬಗ್’ ಎಂದರೆ ಹುಳು ಎಂಬ ಅರ್ಥ ಬರುವ ಮುಂಚೆ ಇಂಗ್ಲಿಷಿನಲ್ಲಿ ಅದಕ್ಕೆ ದೆವ್ವ, ಹೆದರಿಸುವ ಆಕೃತಿ ಎಂಬ ಅರ್ಥವಿತ್ತು. 1535ರ ಕವರ್‌ಡೇಲ್ ಬೈಬಲ್ಲಿನ 91ನೇ ಕೀರ್ತನೆಯಲ್ಲಿ ರಾತ್ರಿಯ ‘ಬಗ್ಸ್’ಗೆ ನೀನು ಹೆದರಬೇಕಾಗಿಲ್ಲ ಎಂಬ ಸಾಲು ಬರುತ್ತದೆ. 1611ರ ಕಿಂಗ್ ಜೇಮ್ಸ್ ಆವೃತ್ತಿಯಲ್ಲಿ ಅದೇ ಜಾಗಕ್ಕೆ ‘ಟೆರರ್’ ಬಂತು. ಇದನ್ನು ಹಿಡಿದು ಪದ್ಯದ ತಿಗಣೆ ಮೂಲದಲ್ಲಿ ದೆವ್ವವಾಗಿತ್ತು ಎನ್ನುವವರಿದ್ದಾರೆ. ಎರಡರ ನಡುವೆ ಮುನ್ನೂರು ವರ್ಷಕ್ಕೂ ಮೀರಿದ ಮೌನವಿದೆ, ಮತ್ತು ಪದ್ಯದಲ್ಲಿರುವುದು ಬರೀ ‘ಬಗ್’ ಅಲ್ಲ, ‘ಬೆಡ್‌ಬಗ್’, ಅದೂ ಕಚ್ಚುತ್ತದೆ. ಈ ವಾದವನ್ನು ಕೈಬಿಡಬಹುದು. ‘ಟೈಟ್’ಗೆ ಕುಡಿದು ಅಮಲೇರಿದ ಎಂಬ ಅರ್ಥವಿರುವುದರಿಂದ ಅಲ್ಲಿಂದ ಬಂತು ಎನ್ನುವುದಕ್ಕೂ ಹುರುಳಿಲ್ಲ. ಮಕ್ಕಳಿಗೆ ಹೇಳುವ ಮಾತಿನಲ್ಲಿ ಅದು ಯಾಕೆ ಬರಬೇಕು?

ಬಳಕೆಯ ಬಗ್ಗೆ ಎರಡು ಮಾತು. ‘ಸ್ಲೀಪ್ ಟೈಟ್‌ಲಿ’ ಎಂದು ತಿದ್ದಬೇಡಿ. ‘ಹೋಲ್ಡ್ ಟೈಟ್’, ‘ಸಿಟ್ ಟೈಟ್’ ಹೇಗೋ ಹಾಗೆಯೇ ಇದು ಸರಿಯಾದ ಇಂಗ್ಲಿಷ್. ಆದರೆ ಮಾರನೇ ದಿನ ‘ಐ ಸ್ಲೆಪ್ಟ್ ಟೈಟ್’ ಎಂದರೆ ಕಿವಿಗೆ ವಿಚಿತ್ರ. ಅಲ್ಲಿ ‘ವೆಲ್’ ಅಥವಾ ‘ಸೌಂಡ್‌ಲಿ’ ಬರಬೇಕು. ಇದು ಸಲುಗೆಯ ಮಾತು: ಮಕ್ಕಳಿಗೆ, ಮನೆಯವರಿಗೆ, ಆಪ್ತರಿಗೆ. ಆಫೀಸಿನ ಮೇಲಧಿಕಾರಿಗೆ ರಾತ್ರಿಯ ಮೆಸೇಜಿನ ಕೊನೆಗೆ ಹಾಕುವಂಥದ್ದಲ್ಲ. ಹೋಟೆಲಿನ ರಿಸೆಪ್ಷನ್ನಿನಲ್ಲಿ ಕೆಲಸ ಮಾಡುವವರಂತೂ ಅತಿಥಿಗೆ ತಿಗಣೆಯ ಸಾಲನ್ನು ಹೇಳುವುದು ಬೇಡವೇ ಬೇಡ. ಇನ್ನು ‘ಗುಡ್ ನೈಟ್’ ಬೀಳ್ಕೊಡುವ ಮಾತು ಮಾತ್ರ. ರಾತ್ರಿ ಒಂಬತ್ತಕ್ಕೆ ಯಾರದೋ ಮನೆಗೆ ಹೋದರೂ ಬಾಗಿಲಲ್ಲಿ ಹೇಳಬೇಕಾದ್ದು ‘ಗುಡ್ ಈವ್ನಿಂಗ್’. ನಮ್ಮ ಕಡೆ ಒಳಗೆ ಬರುತ್ತಲೇ ‘ಗುಡ್ ನೈಟ್’ ಹೇಳಿ ಎದುರಿನವರನ್ನು ಗಲಿಬಿಲಿಗೊಳಿಸುವುದುಂಟು.

ಕನ್ನಡದಲ್ಲಿ ಏನು ಹೇಳುವುದು ಎಂಬುದು ನಿಮ್ಮ ಕೊನೆಯ ಪ್ರಶ್ನೆ. ‘ಬಿಗಿಯಾಗಿ ಮಲಗು’ ಎಂದು ಸಬ್‌ಟೈಟಲ್ಲುಗಳಲ್ಲಿ ಬರುವುದಿದೆ. ಓದಿದವರಿಗೆ ಮೈಕೈ ಹಿಡಿದುಕೊಂಡ ಹಾಗೆ ಆಗುತ್ತದೆ. ‘ಶುಭರಾತ್ರಿ’ ಇಂಗ್ಲಿಷ್ ಮಾದರಿಯ ಮೇಲೆ ಸಂಸ್ಕೃತದಿಂದ ಕಟ್ಟಿದ ಪದ. ವೇದಿಕೆಯಲ್ಲಿ, ಟಿವಿಯಲ್ಲಿ, ವಾಟ್ಸ್ಆ್ಯಪಿನ ಹೂವಿನ ಚಿತ್ರದಲ್ಲಿ ಅದಕ್ಕೆ ಜಾಗವಿದೆ. ಆದರೆ ಅಮ್ಮ ಮಗಳಿಗೆ ‘ಶುಭರಾತ್ರಿ’ ಎಂದರೆ ಮಗಳು ‘ಏನಾಯ್ತಮ್ಮ?’ ಎಂದು ಕೇಳಿಯಾಳು. ಮನೆಯೊಳಗೆ ಮಲಗುವಾಗ ವಿದಾಯ ಹೇಳುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ ಎನ್ನಬೇಕು. ಆ ಜಾಗದಲ್ಲಿ ಇದ್ದದ್ದು ಅಪ್ಪಣೆ: ‘ಹೊತ್ತಾಯ್ತು ಮಲಕ್ಕೋ’, ‘ಬೆಚ್ಚಗೆ ಹೊದ್ಕೊಂಡು ಮಲಗು ಕಂದ’, ‘ಕಣ್ಮುಚ್ಚು, ಗುಮ್ಮ ಬರ್ತಾನೆ’. ಪ್ರೀತಿಯೆಲ್ಲ ‘ಕಂದ’, ‘ಪುಟ್ಟಿ’, ‘ಮರಿ’ ಎಂಬ ಸಂಬೋಧನೆಯಲ್ಲಿ ಇರುತ್ತಿತ್ತು, ಹಾರೈಕೆಯಲ್ಲಲ್ಲ. ನೆಂಟರ ಮನೆಯಿಂದ ರಾತ್ರಿ ಹೊರಡುವವರದು ‘ಬರ್ತೀನಿ’.

ರಾತ್ರಿಯ ಭಯಕ್ಕೆ ಮಾತ್ರ ನಮ್ಮಲ್ಲಿ ಒಂದು ಗಟ್ಟಿ ಮಾತಿದೆ. ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಮಲಗುವಾಗ ಹೇಳಿಕೊಡುವ ಶ್ಲೋಕ: ‘ರಾಮಂ ಸ್ಕಂದಂ ಹನೂಮಂತಂ ವೈನತೇಯಂ ವೃಕೋದರಮ್, ಶಯನೇ ಯಃ ಸ್ಮರೇನ್ನಿತ್ಯಂ ದುಃಸ್ವಪ್ನಂ ತಸ್ಯ ನಶ್ಯತಿ’. ರಾಮ, ಷಣ್ಮುಖ, ಹನುಮಂತ, ಗರುಡ, ಭೀಮ ಈ ಐವರನ್ನು ಮಲಗುವಾಗ ನೆನೆದರೆ ಕೆಟ್ಟ ಕನಸು ಹತ್ತಿರ ಸುಳಿಯುವುದಿಲ್ಲ ಎಂದು. ತಿಗಣೆಗೆ ಇದು ಉಪಯೋಗಕ್ಕೆ ಬರುವುದಿಲ್ಲ, ಆದರೆ ಮಲಗುವ ಮಗುವಿನ ಪಕ್ಕ ಕಾವಲು ನಿಲ್ಲಿಸುವ ಕೆಲಸವನ್ನು ಮಾಡುತ್ತದೆ.

ಪದ್ಯವನ್ನೇ ಕನ್ನಡಕ್ಕೆ ತರಬೇಕೆಂದರೆ ಅರ್ಥಕ್ಕಿಂತ ಪ್ರಾಸ ಹಿಡಿಯಿರಿ. ಅಲ್ಲಿ ಬದುಕಿರುವುದೇ ಅದು. ‘ಮಲಗು ಕಂದ ಹೊದ್ದು, ತಿಗಣೆ ಬಂದರೆ ಒದ್ದು’ ಎಂಬಂಥದ್ದು ನಡೆಯುತ್ತದೆ. ಮಗಳೇ ಇದಕ್ಕಿಂತ ಚೆನ್ನಾಗಿ ಕಟ್ಟಬಹುದು. ಗದ್ಯದಲ್ಲಾದರೆ ‘ಚೆನ್ನಾಗಿ ನಿದ್ದೆ ಮಾಡು’ ಎಂಬುದರಲ್ಲಿ ‘ಸ್ಲೀಪ್ ಟೈಟ್’ ಪೂರ್ತಿ ಬಂದುಬಿಡುತ್ತದೆ.